ನಿರಾಶೆ ಬೇರೆ, ಕೃತಘ್ನತೆ ಬೇರೆ



ಕ್ರಿಸ್ತಜಯಂತಿಯ ರಜೆಗೆ ಊರಿಗೆ ಬಂದ ತಂದೆ ಮಗನಿಗೆ ಒಂದು ದೊಡ್ಡ ಪೆಟ್ಟಿಗೆ ತಂದಿದ್ದಾರೆ. ಒಳಗಿರುವುದು ದುಬಾರಿ ಆಟಿಕೆ. ಮಗ ಅದನ್ನು ಬಿಚ್ಚಿ, ಎರಡು ದಿನ ಕುಳಿತು ಜೋಡಿಸಿ, ಮುಗಿದ ಮೇಲೆ ಒಮ್ಮೆ ಸುತ್ತಲೂ ನೋಡಿ, "ಇಷ್ಟೇಯಾ?" ಎನ್ನುತ್ತಾನೆ. ಈ ಒಂದು ಮಾತಿಗೆ ತಂದೆ ಏನು ಮಾಡಬೇಕು? ತಾಯಿ ಏನು ಹೇಳಬೇಕು? ಆ ಹೊತ್ತಿಗೆ ಮನೆಗೆ ಬಂದ ಪಾದ್ರಿ ಏನು ಹೇಳಬೇಕು? ಈ ವಾರ ಇದನ್ನೇ ಸ್ವಲ್ಪ ಆಲೋಚಿಸೋಣ. ಕೊನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮನೆ ಅಂಕೋಲಾ ಕಡೆಯದು. ಅದಕ್ಕಿಂತ ಹೆಚ್ಚಿನ ಗುರುತು ಬೇಡ. ತಂದೆ ಗಲ್ಫ್ ದೇಶವೊಂದರಲ್ಲಿ ದುಡಿಯುವವರು, ಎರಡು ವರ್ಷಕ್ಕೊಮ್ಮೆ ಬರುವವರು. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಮನೆಗಳೇನೂ ಅಪರೂಪವಲ್ಲ. ಮಗನಿಗೆ ಹನ್ನೆರಡು ವರ್ಷ. ಮನೆಯಲ್ಲಿ ಅಜ್ಜನೂ ಇದ್ದಾರೆ. ಬಡಗಿ ಕೆಲಸ ಮಾಡಿ ಮಾಡಿ ಕೈ ಜಡ್ಡುಗಟ್ಟಿದವರು; ಈಗ ಕಣ್ಣು ಮಂದವಾಗಿ ಉಳಿ, ಕೀಸುಳಿ ಎಲ್ಲ ಪೆಟ್ಟಿಗೆ ಸೇರಿವೆ. ತಂದೆ ತಂದದ್ದು ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕೂಡಿಸುವ ಆಟಿಕೆ. ಯಾವ ಕಂಪನಿಯದು ಎಂದು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಒಂದು ಕೋಟೆಯ ಚಿತ್ರ. ಬೆಲೆ ತಂದೆಯ ಅರ್ಧ ತಿಂಗಳ ದುಡಿಮೆ.

ಹೊಸವರ್ಷದ ಮೊದಲ ವಾರ ಮನೆಗಳ ಆಶೀರ್ವಾದಕ್ಕೆಂದು ನಾನು ಹೋದಾಗ ತಾಯಿ ಮೆಟ್ಟಿಲ ಮೇಲೆಯೇ ದೂರು ಹೇಳಿದರು: "ಫಾದರ್, ಇವನಿಗೆ ನೀವೇ ಎರಡು ಮಾತು ಹೇಳಿ. ಅಪ್ಪ ಹೊಟ್ಟೆ ಕಟ್ಟಿ ತಂದದ್ದಕ್ಕೆ ಇಷ್ಟೇಯಾ ಅಂದ." ನನಗೆ ಇಷ್ಟು ಸಾಕಾಯಿತು. ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಒಂದು ಪ್ರಬೋಧನೆಯನ್ನೇ ಕೊಟ್ಟೆ. ಕಾಲಿಗೆ ಚಪ್ಪಲಿ ಇಲ್ಲದ ಮಕ್ಕಳ ವಿಷಯ ಹೇಳಿದೆ. ಮರುಭೂಮಿಯ ಬಿಸಿಲಲ್ಲಿ ನಿಂತ ತಂದೆಯ ವಿಷಯ ಹೇಳಿದೆ. ಗುಣವಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಬ್ಬನೇ ಹಿಂದಿರುಗಿ ಬಂದ ಕಥೆಯನ್ನೂ ಬಿಡಲಿಲ್ಲ. ಹುಡುಗ ತಲೆ ತಗ್ಗಿಸಿ ಕೇಳಿದ. ಆಮೇಲೆ ಎದ್ದು ಹೋಗಿ ಆ ಕೋಟೆಯನ್ನು ಎತ್ತಿ ಮಂಚದ ಅಡಿಗೆ ತಳ್ಳಿದ. ತಾಯಿಗೆ ಸಮಾಧಾನವಾಯಿತು. ತಂದೆ ಏನೂ ಹೇಳಲಿಲ್ಲ. ಅಜ್ಜ ಮಾತ್ರ ಕುಳಿತಲ್ಲಿಂದಲೇ, "ಫಾದರ್, ಅವ ಅಪ್ಪನಿಗೆ ಬೈಯಲಿಲ್ಲ. ಕೋಟೆಗೆ ಬೈದ" ಎಂದರು.

ಅಷ್ಟಕ್ಕೇ ನಿಲ್ಲಿಸದೆ ಅಜ್ಜ ಮೊಮ್ಮಗನಿಂದ ಆ ಕೋಟೆಯನ್ನು ತರಿಸಿದರು. ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಸವರಿ ನೋಡಿದರು. ಮುಂಭಾಗದಲ್ಲಿ ಗೋಪುರ, ಹೆಬ್ಬಾಗಿಲು, ಕಿಟಕಿ ಎಲ್ಲ ಚೆನ್ನಾಗಿಯೇ ಇದ್ದವು. ಹಿಂದಕ್ಕೆ ತಿರುಗಿಸಿದರೆ ಗೋಡೆಯೇ ಇಲ್ಲ, ಬರೀ ತೆರವು. "ಇದಕ್ಕೆ ಬೆನ್ನಿಲ್ಲ" ಎಂದರು ಅಜ್ಜ. ಹುಡುಗ ಮೊದಲ ಬಾರಿಗೆ ತಲೆ ಎತ್ತಿ, ಎಲ್ಲೆಲ್ಲಿ ಏನೇನು ಕಡಿಮೆ ಎಂದು ತೋರಿಸತೊಡಗಿದ. ತಂದೆ ಎದ್ದು ಹೊರಗೆ ಹೋದರು. ನಾನು ಚಹಾ ಕುಡಿದು, ತೀರ್ಥ ಚಿಮುಕಿಸಿ, ಮುಂದಿನ ಮನೆಗೆ ನಡೆದೆ. ಆದರೆ ಅಜ್ಜನ ಮಾತು ನನ್ನ ಜೊತೆಗೇ ಬಂತು.

ಕೆಲವು ದಿನಗಳ ಬಳಿಕ ಕಾರವಾರದಲ್ಲಿ ಒಬ್ಬ ಯುವಕನ ಬಳಿ ಈ ಪ್ರಸಂಗ ಹೇಳಿದೆ. ನೌಕರಿಯಲ್ಲಿರುವವನು, ಮದುವೆಯಾದವನು, ಆದರೂ ಇಂಥ ಇಟ್ಟಿಗೆಗಳ ಹುಚ್ಚು ಬಿಡದವನು. ಅವನು ನಕ್ಕು, "ಫಾದರ್, ಕಳೆದ ವರ್ಷ ಲೋಕದ ತುಂಬ ದೊಡ್ಡ ದೊಡ್ಡವರೇ ಇಷ್ಟೇಯಾ ಅಂದಿದ್ದಾರೆ" ಎಂದ. ಅವನು ವಿವರಿಸಿದ್ದನ್ನು ನಿಮಗೂ ಹೇಳುತ್ತೇನೆ. ನಮ್ಮ ಪಾಠಕ್ಕೆ ಅದು ಒಳ್ಳೆಯ ಉದಾಹರಣೆ.

ಡೆನ್ಮಾರ್ಕ್ ದೇಶದ ಲೆಗೋ ಕಂಪನಿಯ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತು. ಈ ಬಗೆಯ ಇಟ್ಟಿಗೆಗಳಿಗೆ ಅದೇ ದೊಡ್ಡ ಹೆಸರು. 2025ರ ಅಕ್ಟೋಬರಿನಲ್ಲಿ ಅದು ‘ಸ್ಟಾರ್ ವಾರ್ಸ್’ ಚಲನಚಿತ್ರಗಳಲ್ಲಿ ಬರುವ ‘ಡೆತ್ ಸ್ಟಾರ್’ ಎಂಬುದರ ಹೊಸ ಮಾದರಿಯನ್ನು ಮಾರಾಟಕ್ಕೆ ತಂದಿತು. 1977ರ ಮೊದಲ ಚಿತ್ರದಲ್ಲಿ ಅದು ಒಂದು ಸಣ್ಣ ಉಪಗ್ರಹದಷ್ಟು ದೊಡ್ಡದಾದ, ಒಂದು ಗ್ರಹವನ್ನೇ ಸಿಡಿಸಬಲ್ಲ ದುಂಡು ಕೋಟೆ. (ಕ್ರಿಸ್ತಜಯಂತಿಗೆ ಮನೆಮುಂದೆ ಬೆತ್ಲೆಹೇಮಿನ ನಕ್ಷತ್ರ ತೂಗುಹಾಕುವ ನಾವು ಮನೆಯೊಳಗೆ ಮರಣದ ನಕ್ಷತ್ರ ಕಟ್ಟುವುದೆಂದರೆ ಹೇಗೋ ಏನೋ! ಇರಲಿ, ಆಟದ ಹೆಸರಿಗೆ ನಾನು ಜಗಳವಾಡುವುದಿಲ್ಲ.) ಈ ಮಾದರಿಯಲ್ಲಿ 9,023 ತುಂಡುಗಳು, 38 ಪುಟ್ಟ ಬೊಂಬೆಗಳು. ಬೆಲೆ ಅಮೆರಿಕದಲ್ಲಿ 999 ಡಾಲರ್ 99 ಸೆಂಟ್, ಎಂದರೆ ಆಗಿನ ವಿನಿಮಯ ದರದಲ್ಲಿ 88 ಸಾವಿರ ರೂಪಾಯಿಯ ಆಸುಪಾಸು. ಆ ಕಂಪನಿಯ ಯಾವ ಆಟಿಕೆಗೂ ಅದುವರೆಗೆ ಇಷ್ಟು ಬೆಲೆ ಇದ್ದಿಲ್ಲ. ಪೆಟ್ಟಿಗೆಯ ಮೇಲೆ 18 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿದೆ. ಇದು ಮಕ್ಕಳ ಆಟಿಕೆಯಲ್ಲ.

ಅಭಿಮಾನಿಗಳು ವರ್ಷಗಳಿಂದ ಇಂಥದೊಂದನ್ನು ಕಾದಿದ್ದರು. ಬಂದದ್ದನ್ನು ನೋಡಿ ಬಹಳ ಮಂದಿಯ ಮುಖ ಸಣ್ಣದಾಯಿತು. ಕಾರಣ, ಅದು ದುಂಡಗಿನ ಗೋಳವಲ್ಲ. ಕಲ್ಲಂಗಡಿ ಹಣ್ಣಿನ ನಡುವಿನಿಂದ ಕೊಯ್ದು ತೆಗೆದ ದಪ್ಪ ಹೋಳಿನ ಹಾಗೆ, ಒಂದು ಮುಖದಿಂದ ಒಳಗಿನ ಕೋಣೆಗಳು ಕಾಣುವ ರೂಪ. 2008ರಲ್ಲಿ 3,803 ತುಂಡುಗಳಿಂದ 400 ಡಾಲರಿಗೆ, 2016ರಲ್ಲಿ 4,016 ತುಂಡುಗಳಿಂದ 500 ಡಾಲರಿಗೆ ಇದೇ ಕಂಪನಿ ಕೊಟ್ಟ ಡೆತ್ ಸ್ಟಾರ್‌ಗಳು ಸುತ್ತಲೂ ನೋಡಬಹುದಾದ ದುಂಡು ಆಕಾರದವು. ಈಗ ಅದರ ಇಮ್ಮಡಿ ಬೆಲೆಗೆ ಹೋಳೇ? ಹೀಗೆ ಕೇಳಿದರು. ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭು ಹೇಳುತ್ತಾರಲ್ಲ, ಇವರು ನಿಜವಾಗಿಯೂ ಕುಳಿತು ಲೆಕ್ಕ ಹಾಕುವವರು. ಒಂದೊಂದು ತುಂಡಿಗೆ ಎಷ್ಟು ಬಿತ್ತು ಎಂದು ಭಾಗಿಸುತ್ತಾರೆ. ಇದರಲ್ಲಿ ತುಂಡಿಗೆ ಸುಮಾರು 11 ಸೆಂಟ್. 2022ರಲ್ಲಿ ಬಂದ ಐಫೆಲ್ ಗೋಪುರದಲ್ಲಿ 10,001 ತುಂಡು, ಬೆಲೆ ಸುಮಾರು 630 ಡಾಲರ್, ತುಂಡಿಗೆ 6 ಸೆಂಟಿಗೆ ತುಸು ಹೆಚ್ಚು. ಇನ್ನು ಕೆಲವರು ಹೊಸದರ ಪರ ನಿಂತರು: ಕೋಣೆಗಳು ಹಿಂದೆಂದಿಗಿಂತ ದೊಡ್ಡವು, ಚಿತ್ರದ ದೃಶ್ಯಗಳೆಲ್ಲ ಇವೆ, ಬಿಸಿನೀರಿನ ತೊಟ್ಟಿಯಲ್ಲಿ ಕುಳಿತ ಸೈನಿಕನೊಬ್ಬನೂ ಇದ್ದಾನೆ, ಈ ಅಳತೆಯಲ್ಲಿ ಪೂರ್ತಿ ಗೋಳ ಮಾಡಿದರೆ ಮೇಜು ಹೊರಲಾರದು, ಕಿಸೆಯೂ ಹೊರಲಾರದು ಎಂದರು. ವಾದ ಬಿಸಿಯೇರಿ, ಮಾಡಿದವರನ್ನು ಹೀಯಾಳಿಸಿದವರೂ ಇದ್ದರು, ಕೊಂಡವರನ್ನು ಮೂರ್ಖರೆಂದವರೂ ಇದ್ದರು.

ನಗು ಬರುತ್ತದೆಯೇ? ನನಗೂ ಬಂತು. ಆದರೆ ಅರವತ್ತು ಸಾವಿರ ಕೊಟ್ಟು ತಂದ ಮೊಬೈಲಿನ ಕ್ಯಾಮರಾ ಸರಿಯಿಲ್ಲವೆಂದು, ಮದುವೆಯ ಊಟದಲ್ಲಿ ಮೀನಿನ ತುಂಡು ಚಿಕ್ಕದಾಯಿತೆಂದು, ಹಬ್ಬದ ಬ್ಯಾಂಡು ಹೋದ ವರ್ಷದಷ್ಟು ಚೆನ್ನಾಗಿಲ್ಲವೆಂದು ನಾವು ಆಡುವ ಮಾತುಗಳಿಗೂ ಇದಕ್ಕೂ ಏನು ವ್ಯತ್ಯಾಸ? ನಿರಾಶೆಯಾದ ಮನಸ್ಸು ಎಲ್ಲೆಡೆ ಒಂದೇ ರೀತಿ ನಡೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಗುರುಮಠದಲ್ಲಿ ನಮಗೆ ಕಲಿಸಿದ ಸಂತ ಥಾಮಸ್ ಅಕ್ವಿನಾಸರನ್ನು ಇಂಥ ಚಿಕ್ಕ ವಿಷಯಕ್ಕೆ ಕರೆಯಬೇಕೇ ಎಂದು ಯಾರಾದರೂ ಕೇಳಬಹುದು. ಆ ಮಹಾತ್ಮರು ಚಿಕ್ಕ ವಿಷಯಗಳನ್ನು ಎಂದೂ ಅಸಡ್ಡೆ ಮಾಡಿದವರಲ್ಲ. ತಮ್ಮ ‘ಸುಮ್ಮಾ ಥಿಯೋಲಾಜಿಯೆ’ ಗ್ರಂಥದ ಎರಡನೆಯ ಭಾಗದ ಎರಡನೆಯ ವಿಭಾಗದಲ್ಲಿ, 77ನೆಯ ಪ್ರಶ್ನೆಯಲ್ಲಿ, ಅವರು ಅಂಗಡಿಯ ವ್ಯಾಪಾರವನ್ನೇ ಎತ್ತಿಕೊಳ್ಳುತ್ತಾರೆ. ಮೋಸದಿಂದ ವಸ್ತುವನ್ನು ಅದರ ಬೆಲೆಗಿಂತ ಹೆಚ್ಚಿಗೆ ಮಾರುವುದು ಪಾಪ. ಒಳಗಿನ ದೋಷ ಕಾಣದಿದ್ದರೆ, ಅದರಿಂದ ಕೊಳ್ಳುವವನಿಗೆ ಹಾನಿಯಾಗುವಂತಿದ್ದರೆ, ಮಾರುವವನು ಹೇಳಲೇಬೇಕು. ದೋಷ ಕಣ್ಣಿಗೆ ಕಾಣುವಂತಿದ್ದು ಬೆಲೆಯನ್ನು ತಕ್ಕಂತೆ ಇಳಿಸಿದ್ದರೆ ಬಾಯಿಬಿಟ್ಟು ಹೇಳುವ ಹೊಣೆ ಇಲ್ಲ. ಅವರ ಉದಾಹರಣೆ ಒಕ್ಕಣ್ಣಿನ ಕುದುರೆ. ಈ ಅಳತೆಗೋಲು ಹಿಡಿದರೆ ಡೆತ್ ಸ್ಟಾರ್ ವಿಷಯದಲ್ಲಿ ಮೋಸ ನಡೆದಿಲ್ಲ. ಹೋಳೆಂಬುದು ಮಾರಾಟಕ್ಕೆ ಮೊದಲೇ ಚಿತ್ರಗಳಲ್ಲಿ ಎಲ್ಲರಿಗೂ ಕಂಡಿತ್ತು. ಬೇಡವೆಂದವರು ಕೊಳ್ಳದಿರಬಹುದಿತ್ತು; ಆಟಿಕೆ ಅಕ್ಕಿಯಲ್ಲ.

ಆದರೆ ಅದೇ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೊಳ್ಳುವವನಿಗೆ ಒಂದು ವಸ್ತು ಬಹಳ ಬೇಕಾಗಿದೆ, ಮಾರುವವನಿಗೆ ಅದನ್ನು ಕೊಡುವುದರಿಂದ ವಿಶೇಷ ನಷ್ಟವೇನಿಲ್ಲ ಎಂದಾಗ, ಅವನ ಆ ಅಗತ್ಯವನ್ನೇ ನೆಪಮಾಡಿ ಬೆಲೆ ಏರಿಸುವುದು ಸಲ್ಲದು ಎನ್ನುತ್ತಾರೆ ಸಂತರು. ಅವನ ಅಗತ್ಯ ಅವನದು. ತನ್ನದಲ್ಲದ್ದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಅಭಿಮಾನಿಗಳ ಸಿಟ್ಟಿನ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ‘ನಾವು ಬಾಲ್ಯದಿಂದ ಇದನ್ನು ಪ್ರೀತಿಸಿದ್ದೇವೆ, ಎಷ್ಟು ಕೇಳಿದರೂ ಕೊಡುತ್ತೇವೆಂದು ಇವರಿಗೆ ಗೊತ್ತು’ ಎಂಬ ಸಂಶಯ. ಆ ಸಂಶಯ ನ್ಯಾಯವೋ ಅಲ್ಲವೋ, ಕಂಪನಿಯ ಲೆಕ್ಕಪುಸ್ತಕ ನೋಡದೆ ನಾನು ಹೇಳಲಾರೆ. ಆದರೆ ನೋವು ಸುಳ್ಳಲ್ಲ. ಕೋಪದ ಕಾರಣಗಳನ್ನು ವಿಚಾರಿಸುವಾಗಲೂ ಅಕ್ವಿನಾಸರು ಇದನ್ನೇ ಹೇಳುತ್ತಾರೆ: ನಮಗೆ ಕೋಪ ಬರುವುದು ಯಾರೋ ನಮ್ಮನ್ನು ಹಗುರವಾಗಿ ಕಂಡರು ಎನ್ನಿಸಿದಾಗ. ಕಲ್ಲು ಎಡವಿದರೆ ನೋವಾಗುತ್ತದೆ. ಕಲ್ಲನ್ನು ಯಾರೋ ಬೇಕೆಂದೇ ಇಟ್ಟರು ಎನ್ನಿಸಿದರೆ ಮಾತ್ರ ಕೋಪ ಬರುತ್ತದೆ.

ಈಗ ಅಂಕೋಲೆಯ ಆ ಮನೆಗೆ ಮರಳೋಣ. ಹುಡುಗನ ನಿರಾಶೆ ಇದ್ದದ್ದು ಪ್ಲಾಸ್ಟಿಕ್ ಕೋಟೆಯ ಬಗ್ಗೆ. ತಂದೆಗೆ ಕೇಳಿಸಿದ್ದು ಬೇರೆ. ಎರಡು ವರ್ಷದ ಬೆವರು, ಊರಿಂದ ದೂರ ಮಲಗಿದ ರಾತ್ರಿಗಳು, ಮಗನ ಇಷ್ಟವೇನೆಂದು ಅಂಗಡಿಯಲ್ಲಿ ನಿಂತು ಊಹಿಸಿದ್ದು, ಇವೆಲ್ಲಕ್ಕೂ ಸೇರಿ ‘ಇಷ್ಟೇಯಾ’ ಎಂದಂತೆ ಕೇಳಿಸಿತು. ಹಗುರವಾಗಿ ಕಂಡರು ಎಂಬ ಭಾವ ಅವರಿಗೆ ಬಂತು. ಆಮೇಲೆ ನಾನು ಹೋಗಿ ಹುಡುಗನಿಗೆ ಕೃತಘ್ನ ಎಂಬ ಹಣೆಪಟ್ಟಿ ಕಟ್ಟಿದೆ. ಅವನಿಗೂ ಅದೇ ಭಾವ ಬಂತು: ತನ್ನ ಮಾತು ನಿಜವೇ ಎಂದು ಯಾರೂ ತಿರುಗಿಸಿ ನೋಡಲಿಲ್ಲ. ಒಂದು ಬೆನ್ನಿಲ್ಲದ ಕೋಟೆಯಿಂದ ಮನೆಯಲ್ಲಿ ಮೂವರು ಮುಖ ತಿರುಗಿಸಿ ಕುಳಿತದ್ದು ಹೀಗೆ. ಇನ್ನೊಂದು ಮಾತು ಪಾಲಕರಿಗೂ ನನ್ನ ಸಹಗುರುಗಳಿಗೂ ಸೇರಿಸಿ ಹೇಳುತ್ತೇನೆ. ಚಪ್ಪಲಿ ಇಲ್ಲದ ಮಕ್ಕಳನ್ನು ನಾವು ಇಂಥ ಹೊತ್ತಿನಲ್ಲಿ ನೆನೆಯುವುದು ಅವರ ಮೇಲಿನ ಕನಿಕರಕ್ಕಲ್ಲ, ನಮ್ಮ ಮಗುವಿನ ಬಾಯಿ ಮುಚ್ಚಿಸಲು. ನನ್ನ ಆ ಪ್ರಬೋಧನೆಯಿಂದ ಯಾವ ಬಡ ಮಗುವಿಗೂ ಒಂದು ಜೊತೆ ಚಪ್ಪಲಿ ಬರಲಿಲ್ಲ.

ಹಾಗಾದರೆ ಗೊಣಗುವುದು ಪಾಪವಲ್ಲವೇ? ಪಾಪವೇ. ಆದರೆ ಪವಿತ್ರ ಗ್ರಂಥ ಗೊಣಗಾಟವನ್ನೂ ದೂರನ್ನೂ ಬೇರೆಬೇರೆಯಾಗಿ ಕಾಣುತ್ತದೆ. ಸಂಖ್ಯಾಕಾಂಡದ 11ನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಟ್ಟಿಗೆ ಕುಳಿತು ಓದಿರಿ. ಮರುಭೂಮಿಯಲ್ಲಿ ಇಸ್ರಯೇಲರಿಗೆ ಮನ್ನ ಸಿಗುತ್ತಿದೆ. ಕೊತ್ತಂಬರಿ ಬೀಜದಂಥ ಕಾಳು. ಬೀಸಿ, ಬೇಯಿಸಿ, ರೊಟ್ಟಿ ಮಾಡಿ ತಿನ್ನುತ್ತಿದ್ದಾರೆ. ದಿನಾ ಅದೇ ತಿಂದು ಬೇಸರ ಬಂತು. ಈಜಿಪ್ಟಿನಲ್ಲಿ ತಿಂದ ಮೀನು, ಸೌತೆ, ಕಲ್ಲಂಗಡಿ, ಈರುಳ್ಳಿ, ಬೆಳ್ಳುಳ್ಳಿ ನೆನಪಾಯಿತು. ಬೇಸರ ಬಂದದ್ದು ಸಹಜ. ನಮ್ಮ ಕರಾವಳಿಯವರಿಗೆ ಹದಿನೈದು ದಿನ ಮೀನಿಲ್ಲದಿದ್ದರೆ ಏನಾಗುತ್ತದೆಂದು ನನಗೆ ಗೊತ್ತು. ತಪ್ಪಾದದ್ದು ಮುಂದೆ. ಅವರು ತಮ್ಮ ತಮ್ಮ ಗುಡಾರದ ಬಾಗಿಲಲ್ಲಿ ಕುಳಿತು ಅತ್ತರು. ಕೊಟ್ಟವನ ಹತ್ತಿರ ಹೋಗಲಿಲ್ಲ. ಆ ಸೌತೆಯ ಜೊತೆಗೆ ಅಲ್ಲಿ ಗುಲಾಮಗಿರಿಯೂ ಇತ್ತೆಂಬುದನ್ನು ಮರೆತರು.

ಅದೇ ಅಧ್ಯಾಯದಲ್ಲಿ ಮೋಶೆಯೂ ದೂರುತ್ತಾನೆ, ಮತ್ತು ಜನರಿಗಿಂತ ಗಟ್ಟಿಯಾಗಿ. ಈ ಜನರನ್ನು ಹೆತ್ತವನು ನಾನೇ? ಎದೆಗವಚಿಕೊಂಡು ಹೊರಲು ನಾನು ದಾದಿಯೇ? ಇದಕ್ಕಿಂತ ನನ್ನನ್ನು ಕೊಂದುಬಿಡಬಾರದೇ ಎಂಬ ಅರ್ಥದ ಮಾತುಗಳು ಅವನ ಬಾಯಿಂದ ಬರುತ್ತವೆ. ನಮ್ಮ ಮನೆಯಲ್ಲಿ ಮಗನೊಬ್ಬ ಹೀಗೆ ಮಾತಾಡಿದರೆ ಕೆನ್ನೆಗೆ ಬೀಳುತ್ತಿತ್ತೋ ಏನೋ. ಸರ್ವೇಶ್ವರ ಅವನ ಮೇಲೆ ಕೋಪಿಸಿಕೊಳ್ಳಲಿಲ್ಲ. ಭಾರ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರನ್ನು ಕೊಟ್ಟರು. ಮೋಶೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದ. ಎಲ್ಲಿ ಭಾರವಾಗಿದೆ ಎಂದು ಹೇಳಿದ. ಈಜಿಪ್ಟಿಗೆ ಹಿಂದಿರುಗುತ್ತೇನೆ ಎನ್ನಲಿಲ್ಲ. ಆ ಹುಡುಗ ತಂದೆಯ ಮುಂದೆಯೇ ಮಾತಾಡಿದ್ದ. ತಂದೆ ಮಲಗಿದ ಮೇಲೆ ಗೆಳೆಯರ ಹತ್ತಿರ ಹೋಗಿ ಆಡಿಕೊಂಡಿರಲಿಲ್ಲ. ಇದನ್ನು ಗಮನಿಸದೆ ನಾನು ಕುಷ್ಠರೋಗಿಗಳ ಕಥೆ ಹೇಳಿದೆ!

ಮಾಡಿದ ವಸ್ತುವಿನ ದೋಷ ಹೇಳುವುದು ಮಾಡುವವರಿಗೂ ಬೇಕಾದದ್ದೇ. ಲೆಗೋ ಕಂಪನಿಯ ಮೂಲದಲ್ಲೇ ಇದಕ್ಕೊಂದು ಕಥೆಯಿದೆ, ಕಂಪನಿಯವರೇ ಹೇಳಿಕೊಂಡು ಬಂದದ್ದು. ಅದನ್ನು ಆರಂಭಿಸಿದವನು ಬಿಲ್ಲುಂಡ್ ಎಂಬ ಊರಿನ ಬಡಗಿ, ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್. ಲೂಥರನ್ ಸಭೆಯ ದೈವಭಕ್ತ. ಕೆಲಸವಿಲ್ಲದ ಕಷ್ಟಕಾಲದಲ್ಲಿ, 1932ರಲ್ಲಿ, ಮರದ ಆಟಿಕೆ ಮಾಡಲು ತೊಡಗಿದ. ಒಮ್ಮೆ ಅವನ ಮಗ ಗಾಡ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರು ಸಲ ಹಚ್ಚಬೇಕಾದ ವಾರ್ನಿಶನ್ನು ಎರಡೇ ಸಲ ಹಚ್ಚಿ, ರೈಲಿಗೆ ಹಾಕಿ ಬಂದು, ದುಡ್ಡು ಉಳಿಸಿದೆ ಎಂದು ಹೆಮ್ಮೆಯಿಂದ ಹೇಳಿದನಂತೆ. ತಂದೆ ಅವನನ್ನು ವಾಪಸು ಸ್ಟೇಶನ್ನಿಗೆ ಕಳುಹಿಸಿ, ಪೆಟ್ಟಿಗೆಗಳನ್ನು ತರಿಸಿ, ರಾತ್ರಿ ಕೂತು ಮೂರನೆಯ ಸಲ ಹಚ್ಚಿಸಿದ. ಎರಡೇ ಪದರವೆಂದು ಯಾವ ಮಗುವೂ ಕಂಡುಹಿಡಿಯುತ್ತಿರಲಿಲ್ಲ. ಆದರೂ ಹಚ್ಚಿಸಿದ. ಆ ಗಾಡ್‌ಫ್ರೆಡನೇ ಮುಂದೆ 1958ರ ಜನವರಿ 28ರಂದು ಇಂದಿನ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದವನು.

ಈ ಕಥೆಯನ್ನು ಅಂಕೋಲೆಯ ಅಜ್ಜನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಗೋಡೆಗೆ ಒತ್ತಿ ಇಡುವ ಕಪಾಟಿಗೂ ಹಿಂಬದಿಯ ಹಲಗೆಯನ್ನು ತಾವು ಕೀಸದೆ ಬಿಟ್ಟದ್ದಿಲ್ಲ ಎಂದರು. "ಯಾರು ನೋಡುತ್ತಾರೆ?" ಎಂದೆ. "ಸುಣ್ಣ ಬಳಿಯುವ ದಿನ ಎಲ್ಲರೂ ನೋಡುತ್ತಾರೆ" ಎಂದರು. ಸಂತ ಜೋಸೆಫರ ಬಗ್ಗೆ ನಾನು ಎಷ್ಟೋ ಪ್ರಬೋಧನೆ ಕೊಟ್ಟಿದ್ದೇನೆ. ಅವರ ಗಿರಾಕಿಗಳೂ ಬಾಗಿಲು ಸರಿಯಾಗಿ ಕೂರಲಿಲ್ಲವೆಂದು ಹಿಂದಕ್ಕೆ ತಂದಿರಬಹುದು ಎಂಬುದು ಅದುವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಆಟಿಕೆಯ ಬಗ್ಗೆ ಇಷ್ಟು ಬರೆಯುವುದು ಧರ್ಮದ ಪುಟಕ್ಕೆ ತಕ್ಕದ್ದಲ್ಲ ಎನ್ನುವ ಹಿರಿಯರಿಗೆ ಒಂದು ಮಾತು. ಅಕ್ವಿನಾಸರು ಅದೇ ಗ್ರಂಥದ 168ನೆಯ ಪ್ರಶ್ನೆಯಲ್ಲಿ ಆಟಕ್ಕೂ ಒಂದು ಸದ್ಗುಣ ಉಂಟೆಂದು ವಾದಿಸಿದ್ದಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿದ್ದುದನ್ನು ಕಂಡು ಕೆಲವರು ಮೂಗು ಮುರಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಸಂತರು, ಬಿಟ್ಟ. ಮತ್ತೆ ಬಿಡು ಎಂದರು. ಹೀಗೆ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಬಿಲ್ಲು ಮುರಿದೀತು ಎಂದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಆದ್ದರಿಂದ ದೊಡ್ಡವರು ಇಟ್ಟಿಗೆ ಜೋಡಿಸಿದರೆ ನನ್ನ ಆಕ್ಷೇಪವಿಲ್ಲ. ಬಾಲ್ಯದ ಬಳಿಕ ಈ ಆಟ ಬಿಟ್ಟಿದ್ದ ವರ್ಷಗಳನ್ನು ಅವರು ತಮ್ಮತಮ್ಮಲ್ಲಿ ‘ಕತ್ತಲ ಯುಗ’ ಎಂದು ಕರೆಯುತ್ತಾರಂತೆ. ಹಲವು ವರ್ಷ ಬಿಟ್ಟು ಪಾಪನಿವೇದನೆಗೆ ಬರುವವರು ಇಷ್ಟು ಒಳ್ಳೆಯ ಹೆಸರು ಇನ್ನೂ ಕಂಡುಹಿಡಿದಿಲ್ಲ.

ಆಕ್ಷೇಪ ಇರುವುದು ಬೇರೊಂದು ಕಡೆ. ನಿರಾಶೆಯ ಒಂದು ಪಾಲು ವಸ್ತುವಿನ ದೋಷದಿಂದ ಬರುತ್ತದೆ. ಅದನ್ನು ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಪಾಲು, ಯಾವ ವಸ್ತುವೂ ಹೊರಲಾರದ ಭಾರವನ್ನು ನಾವು ಅದರ ಮೇಲೆ ಹೇರಿದ್ದರಿಂದ ಬರುತ್ತದೆ. ಹತ್ತು ವರ್ಷ ಕಾದು, ಸಾವಿರ ಡಾಲರ್ ಕೊಟ್ಟು, ಬಾಲ್ಯವನ್ನೇ ವಾಪಸು ಕೊಡು ಎಂದು ಪೆಟ್ಟಿಗೆಯನ್ನು ಕೇಳಿದರೆ ಪೂರ್ತಿ ಗೋಳವೇ ಬಂದಿದ್ದರೂ ಅದು ಕೊಡುತ್ತಿರಲಿಲ್ಲ. ಆ ತಂದೆಯೂ ಪೆಟ್ಟಿಗೆಯ ಮೇಲೆ ಭಾರ ಹೇರಿದ್ದರು. ಮನೆಯಲ್ಲಿಲ್ಲದ ಎರಡು ವರ್ಷವನ್ನು ಅದು ತುಂಬಿಕೊಡಲಿ ಎಂದು ಆಸೆಪಟ್ಟಿದ್ದರು. ಇದರಲ್ಲಿ ಅವರ ತಪ್ಪೇನೂ ಇಲ್ಲ; ಪ್ರೀತಿಸುವವರು ಹೀಗೆಯೇ ಮಾಡುತ್ತಾರೆ. ಆದರೆ ಬೆಲೆ ಹೆಚ್ಚಿದಷ್ಟೂ ಆ ಆಸೆ ಹೆಚ್ಚುತ್ತದೆ, ಮುರಿದು ಬೀಳುವುದೂ ಹೆಚ್ಚುತ್ತದೆ. ಮಕ್ಕಳಿಗೆ ಕಾಯುವುದನ್ನು ಕಲಿಸುವುದು ಕುಟುಂಬದ ದೊಡ್ಡ ಕೆಲಸಗಳಲ್ಲೊಂದು ಎಂದು ಜಗದ್ಗುರು ಫ್ರಾನ್ಸಿಸರು 2016ರ ‘ಅಮೋರಿಸ್ ಲೆತೀತ್ಸಿಯಾ’ ಪತ್ರದ 275ನೆಯ ಪರಿಚ್ಛೇದದಲ್ಲಿ ಬರೆದಿದ್ದಾರೆ. ಬಂದದ್ದು ಕಡಿಮೆಯಾದಾಗ ಏನು ಮಾಡಬೇಕೆಂದು ಕಲಿಸುವುದೂ ಅದರ ಪಕ್ಕದ ಪಾಠವೇ.

ಮನೆಯಲ್ಲಿ ಇಂಥ ಗಳಿಗೆ ಬಂದಾಗ ಒಂದಿಷ್ಟು ಮಾಡಿ ನೋಡಿ. ಮಗು ‘ಇಷ್ಟೇಯಾ’ ಎಂದಾಗ ತಕ್ಷಣ ಬಾಯಿ ಮುಚ್ಚಿಸಬ್ಯಾಡಿ. "ಎಲ್ಲಿ ಕಡಿಮೆ, ತೋರಿಸು" ಎನ್ನಿ. ತೋರಿಸಲು ಹೊರಟ ಮಗು ಗೊಣಗುವುದನ್ನು ಬಿಟ್ಟು ನೋಡಲು ತೊಡಗುತ್ತದೆ. ಅನೇಕ ಸಲ ಚೆನ್ನಾಗಿರುವುದೂ ಆಗಲೇ ಕಣ್ಣಿಗೆ ಬೀಳುತ್ತದೆ. ತಂದವರಿಗೆ ವಂದನೆ ಹೇಳಿಸುವುದು ಬೇರೆ ಕೆಲಸ, ಅದನ್ನೂ ಮಾಡಿಸಿ. ಆದರೆ ಸುಳ್ಳು ಹೊಗಳಿಕೆ ಹೇಳಿಸಬೇಡಿ. ‘ಅಪ್ಪಾ, ನೀವು ತಂದದ್ದು ಸಂತೋಷ, ಕೋಟೆಗೆ ಹಿಂದೆ ಗೋಡೆಯಿಲ್ಲ’ ಎಂಬ ಎರಡು ವಾಕ್ಯ ಒಂದೇ ಬಾಯಲ್ಲಿ ಬರಬಹುದು ಎಂಬುದು ಮಗುವಿಗೂ ಗೊತ್ತಾಗಲಿ, ತಂದೆಗೂ ಗೊತ್ತಾಗಲಿ. ಕೊಟ್ಟವರು ನೀವಾಗಿದ್ದರೆ, ನೋವಾಯಿತೆಂದು ಹೇಳಲು ನಿಮಗೂ ಹಕ್ಕಿದೆ. ಎದ್ದು ಹೊರಗೆ ಹೋಗುವುದಕ್ಕಿಂತ ಹೇಳುವುದು ವಾಸಿ.

ಅಂದಹಾಗೆ, ಈ ಇಟ್ಟಿಗೆಗಳಿಗೆ ಬೇರೆ ಆಟಿಕೆಗಳಿಗಿಲ್ಲದ ಒಂದು ಗುಣವಿದೆ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಲೆಗೋ ಇಟ್ಟಿಗೆಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದೆಂದು ಡೆನ್ಮಾರ್ಕಿನ ಗಣಿತಜ್ಞರು ಲೆಕ್ಕ ಮಾಡಿದ್ದಾರೆ: 91,51,03,765 ಬಗೆ. ಬರೀ ಆರು ಇಟ್ಟಿಗೆಗೆ. ಪೆಟ್ಟಿಗೆಯ ಮೇಲಿನ ಚಿತ್ರ ಅವುಗಳಲ್ಲಿ ಒಂದು ಮಾತ್ರ.

ತಪಸ್ಸುಕಾಲದಲ್ಲಿ ಅಜ್ಜನಿಗೆ ಪರಮಪ್ರಸಾದ ಕೊಡಲು ಆ ಮನೆಗೆ ಮತ್ತೆ ಹೋದೆ. ಬಾತುಕೋಳಿಯ ಕಥೆ ಅವರಿಗೆ ಹೇಳಿದ್ದು ಅಂದೇ. ತಂದೆ ಗಲ್ಫಿಗೆ ಮರಳಿದ್ದರು. ಹುಡುಗನನ್ನು ಕರೆದು, ಅಂದು ನಾನು ಹೇಳಿದ್ದು ಸರಿಯಾಗಿರಲಿಲ್ಲ, ನೀನು ಕೃತಘ್ನನಲ್ಲ ಎಂದೆ. ಅವನು "ಇರಲಿ ಫಾದರ್" ಎಂದು ನಾಚಿಕೊಂಡು ಒಳಗೆ ಓಡಿ, ಕೋಟೆಯನ್ನು ಎತ್ತಿಕೊಂಡು ಬಂದ. ಅದಕ್ಕೆ ಬೆನ್ನು ಬಂದಿತ್ತು. ಗೋಡೆಗೆ ಸಾಕಾಗುವಷ್ಟು ಇಟ್ಟಿಗೆ ಇಲ್ಲವೆಂದು ಅಜ್ಜ ಹಲಸಿನ ಹಲಗೆಯ ತುಂಡೊಂದನ್ನು ಬೆರಳಲ್ಲಿ ಅಳೆದು ಅಳೆದು ಕೀಸಿಕೊಟ್ಟಿದ್ದಾರೆ. ಹಲಗೆ ಹಿಡಿದುಕೊಂಡದ್ದು, ಗುರುತು ಹಾಕಿದ್ದು ಮೊಮ್ಮಗ. ತಂದೆ ಫೋನಿನಲ್ಲಿ ನೋಡಿ, ತಿರುಗಿಸು, ಇನ್ನೂ ತಿರುಗಿಸು ಎಂದು ಬಹಳ ಹೊತ್ತು ನೋಡಿದರಂತೆ.

"ಚೆನ್ನಾಗಿದೆ" ಎಂದೆ ನಾನು. ಹುಡುಗ ಒಂದು ಪುಟ್ಟ ಬಾಗಿಲನ್ನು ಒತ್ತಿ ತೋರಿಸಿ, "ಹಲಗೆ ದಪ್ಪ ಆಯ್ತು, ಇದು ಮುಚ್ಚುವುದಿಲ್ಲ ನೋಡಿ ಫಾದರ್" ಎಂದ. ಅಜ್ಜ ಮಂಚದ ಮೇಲೆ ಕುಳಿತಲ್ಲಿಂದಲೇ, "ಹೌದು, ಇನ್ನೊಂದು ನೂಲು ಕೀಸಬೇಕು" ಎಂದರು.